ಗಾರ್ಡಾಕ್ಕೆ ಗೇಟು ಎಷ್ಟು?

1
ಕೆಳಮನೆಯವರು ಯುರೋಪಿಗೆ ಹೊರಟಿದ್ದಾರೆ. ನಾನು ಮೇಲ್ಮನೆಯ ಬಾಡಿಗೆದಾರ. ರಾಯಚೂರು ಗಂಜಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಇಂಗ್ಲಿಷ್ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಕಂಡದ್ದನ್ನು ಹಳೆಯ ಖಾತೆ ವಹಿಯ ಖಾಲಿ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ.

2
ಹೋಗುವವರು 6 ಜನ. ಮುತ್ಯಾ, ಆಯಿ, ಮಗ, ಸೊಸೆ, 16ರ ಮೊಮ್ಮಗಳು, 11ರ ಮೊಮ್ಮಗ. ಮಗನದು ಗೊಬ್ಬರದ ಅಂಗಡಿ. ಹೊಲ ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಸೊಸೆಯ ತವರು ದೇವದುರ್ಗ.

3
ಮುತ್ಯಾ ಹೊಲ ಬಿಟ್ಟು ಇದ್ದದ್ದು ಹೆಚ್ಚೆಂದರೆ 5 ದಿನ. ಅದೂ ಶ್ರೀಶೈಲಕ್ಕೆ. ಈಗ 14 ರಾತ್ರಿಗೆ ಒಪ್ಪಿದ್ದಾರೆ. ಕಾರಣ ಡ್ಯಾಂ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ಹರಿದು ಗೇಟು ಕೊಚ್ಚಿಹೋಯಿತು. ಈಗ 33 ಗೇಟೂ ಬದಲಿಸುವ ಕೆಲಸ. ಎರಡನೇ ಬೆಳೆಗೆ ನೀರಿಲ್ಲ. ಬೇಸಿಗೆಯಲ್ಲಿ ಕೊಯ್ಲೂ ಇಲ್ಲ, ಹಮಾಲರ ಕೂಗೂ ಇಲ್ಲ.

“ಗೇಟ್ ಹೋತು, ನಾವೂ ಹೊಂಟೀವಿ” ಎಂದರು.

4
ಯಾದಿ: ಜ್ಯೂರಿಕ್ 2 ರಾತ್ರಿ, ಇಂಟರ್‌ಲಾಕೆನ್ 2, ಜಿನೀವಾ ಸರೋವರದ ದಂಡೆ 1. ಆಮೇಲೆ ಇಟಲಿ: ಕೋಮೊ 1, ಮಿಲಾನ್ 2, ಗಾರ್ಡಾ 2, ವೆನಿಸ್ 2, ಪಿಯೆಮೊಂತೆಯ ದ್ರಾಕ್ಷಿ ಸೀಮೆ 2.

ಎರಡೂ ದೇಶಕ್ಕೆ ಒಂದೇ ವೀಸಾ, ಷೆಂಗೆನ್. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೇ ಅರ್ಜಿ ಹಾಕಬೇಕು. 5ಕ್ಕೆ 9. ಇಟಲಿ ಗೆದ್ದಿತು.

5
ಮೊಮ್ಮಗ ಮೊಬೈಲಿನಲ್ಲಿ ಹುಡುಕಿದ. ಗಾರ್ಡಾ ಇಟಲಿಯ ಅತಿ ದೊಡ್ಡ ಸರೋವರ, 370 ಚದರ ಕಿ.ಮೀ. ತುಂಗಭದ್ರಾ ಜಲಾಶಯ ತುಂಬಿದಾಗ 378.

ಮುತ್ಯಾ: “ಅದಕ್ಕ ಗೇಟ್ ಎಷ್ಟು?”

“ಸರೋವರ ಮುತ್ಯಾ, ಡ್ಯಾಂ ಅಲ್ಲ. ಗೇಟ್ ಇರಂಗಿಲ್ಲ.”

“ಮತ್ತ ನೀರು ಯಾರು ಬಿಡ್ತಾರ?”

ಹುಡುಗ ನಕ್ಕ. ರಾತ್ರಿ ನಾನು ಓದಿ ನೋಡಿದೆ. ಗಾರ್ಡಾದಿಂದ ಹೊರಡುವ ನದಿ ಮಿಂಚೊ. ಸ್ವಲ್ಪ ಕೆಳಗೆ ಸಲಿಯೊಂಜೆ ಎಂಬಲ್ಲಿ ಅಡ್ಡಗಟ್ಟು ಇದೆ. ಅಲ್ಲಿ ಗೇಟುಗಳಿವೆ. ಕೆಳಗಿನ ಬಯಲಿನ ಹೊಲಗಳಿಗೆ ನೀರು ಬಿಡುವುದು ಅಲ್ಲಿಂದ.

ಮುತ್ಯಾನಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಆ ಹೊಲದವರೂ ಕಾಲುವೆಯ ನೀರಿನ ಮಟ್ಟದ ಗೇಜ್ ನೋಡಲು ಹೋಗುತ್ತಾರೇನು ಎಂದು ಕೇಳಿದರು. ಮಾನ್ವಿ ಕಡೆಯವರು ನೀರು ಬಂತೇ ಎಂದು ಕೇಳುವುದಿಲ್ಲ, 104ನೇ ಮೈಲಿನಲ್ಲಿ ಗೇಜ್ ಎಷ್ಟು ಎಂದು ಕೇಳುತ್ತಾರೆ.

6
ಅರ್ಜಿಯ ಮೊದಲ ಮನೆ: ಸರ್‌ನೇಮ್.

ಪಹಣಿಯಲ್ಲಿ ಮುತ್ಯಾನ ಹೆಸರು ‘ಇಂಥವರು ತಂದೆ ಇಂಥವರು’. ಆಯಿಯದು ‘ಇಂಥವರು ಗಂಡ ಇಂಥವರು’. ನೋಟರಿಯ ಹತ್ತಿರದ ಟೈಪಿಸ್ಟ್ ‘ತಂದೆ’ಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಹೊಡೆದಿದ್ದ. ಟ್ರಾವೆಲ್ಸಿನವನು ಅದನ್ನೇ ಮನೆತನದ ಹೆಸರೆಂದು ತಿಳಿದ. ಒಂದು ದಿನ ಪೂರ್ತಿ ಕಡತದಲ್ಲಿ ಮುತ್ಯಾ ಮಿಸ್ಟರ್ ತಂದೆ ಆಗಿದ್ದರು.

7
ಹುಟ್ಟಿದ ದಿನ. ಮುತ್ಯಾ ಜೂನ್ 1. ಮಗ ಜೂನ್ 1. ಸೊಸೆ ಜೂನ್ 1. ಆಯಿ ಜನವರಿ 1. ಆಯಿ ಶಾಲೆಗೆ ಹೋದವರಲ್ಲ.

ಇಲ್ಲಿಯವರಿಗೆ ಇದು ಗೊತ್ತು. ಶಾಲೆ ಜೂನಿನಲ್ಲಿ ಸುರು, ಮಾಸ್ತರರು ಬರೆದದ್ದೇ ಜನ್ಮದಿನ. ವೀಸಾ ಅಧಿಕಾರಿಗೆ ಗೊತ್ತಿರುತ್ತದೆಯೇ ಎಂಬುದು ಬೇರೆ.

8
ಅರ್ಜಿ ಎಲ್ಲಿಯೂ ನೇರವಾಗಿ ಕೇಳದೆ, ಎಲ್ಲ ಕಡೆ ಕೇಳುವ ಒಂದೇ ಪ್ರಶ್ನೆ: ತಿರುಗಿ ಬರುತ್ತೀರಾ?

9
ಅದಕ್ಕೆ ಪುರಾವೆ: ಅಂಗಡಿಯ ಲೈಸೆನ್ಸು, ತೆರಿಗೆ ಕಟ್ಟಿದ ಕಾಗದ, ಶಾಲೆಯ ಪತ್ರ, ಬ್ಯಾಂಕಿನ ಸ್ಟೇಟ್‌ಮೆಂಟ್, ಪಹಣಿ. 12 ಎಕರೆ 20 ಗುಂಟೆ. ಟೈಪಿಸ್ಟ್ ಹೆಕ್ಟೇರ್ ಮಾಡಿಕೊಟ್ಟ: 5.06. ಮುತ್ಯಾ ಆ ಅಂಕಿ ನೋಡಿ, “ಅರ್ಧಕ್ಕಿಂತ ಕಮ್ಮಿ ಮಾಡ್ಯಾನಲ್ಲ” ಎಂದರು.

10
ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಒಂದು ತೊಡಕು. ತಿಂಗಳುಗಟ್ಟಲೆ ಏನೂ ಇಲ್ಲ. ಒಂದು ದಿನ ರೈಸ್‌ಮಿಲ್ಲಿನಿಂದ ದೊಡ್ಡ ಮೊತ್ತ. ಮತ್ತೆ ಏನೂ ಇಲ್ಲ.

ಟ್ರಾವೆಲ್ಸಿನವನು: “ಒಮ್ಮೆಗೇ ಬಂದ ರೊಕ್ಕ ನೋಡಿದ್ರ ಸಂಶಯ ಪಡ್ತಾರ್ರಿ. ತಿಂಗಳಾ ತಿಂಗಳಾ ಬಂದಿರಬೇಕು.”

ಮುತ್ಯಾ: “ತಿಂಗಳಾ ತಿಂಗಳಾ ಭತ್ತ ಯಾವ ಊರಾಗ ಬೆಳೀತಾರಪ್ಪ?”

11
ವಿಮೆ ಕಡ್ಡಾಯ. ಕನಿಷ್ಠ 30,000 ಯುರೋ. ಅಲ್ಲಿ ತೀರಿಕೊಂಡರೆ ದೇಹವನ್ನು ಊರಿಗೆ ತರುವ ಖರ್ಚೂ ಅದರಲ್ಲೇ. ಸೊಸೆ ಈ ಸಾಲನ್ನು ಓದದೆ ಪುಟ ತಿರುವಿದಳು. ಮುತ್ಯಾ ವಾಪಸು ತಿರುವಿಸಿ ಓದಿಸಿಕೊಂಡರು. ತಲೆಯಾಡಿಸಿದರು.

12
ಫೋಟೊ 35 ಮಿ.ಮೀ. ಅಗಲ, 45 ಎತ್ತರ, ಬಿಳಿ ಹಿನ್ನೆಲೆ. ತೀನ್ ಕಂದೀಲ್ ಹತ್ತಿರದ ಸ್ಟುಡಿಯೋ. ಸ್ಟುಡಿಯೋದ ಹುಡುಗ ಆಯಿಗೆ ಸೆರಗು ಹಿಂದೆ ಸರಿಸಲು ಹೇಳಿದ. ಆಯಿ ಒಂದು ಬೆರಳಿನಷ್ಟು ಸರಿಸಿದರು. ಇನ್ನೂ ಸ್ವಲ್ಪ ಎಂದ. ಇನ್ನೊಂದು ಬೆರಳು. ಕಿವಿ ಕಾಣುವ ಹೊತ್ತಿಗೆ ಮುತ್ಯಾ ಎದ್ದು ಹೊರಗೆ ಹೋಗಿ ನಿಂತರು.

ಮುತ್ಯಾನ ಹಣೆಯ ವಿಭೂತಿಯನ್ನೂ ಅಳಿಸಲು ಹೇಳಿದ. ನಿಯಮದ ಹಾಳೆಯಲ್ಲಿ ವಿಭೂತಿಯ ಮಾತು ನನಗೆ ಸಿಗಲಿಲ್ಲ. ಅಳಿಸಲಿಲ್ಲ.

13
ಯಾದಿಯಲ್ಲಿ ಲಂಡನ್ ಇಲ್ಲ. ಮುತ್ಯಾ ಕೇಳಿದ ಊರು ಅದೊಂದೇ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪುತ್ಥಳಿ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಬ್ರಿಟನ್ ಷೆಂಗೆನ್ ಒಳಗಿಲ್ಲ. ಬೇರೆ ಅರ್ಜಿ, ಬೇರೆ ಫೀ.

“ಬಸವಣ್ಣಗ ಬ್ಯಾರೆ ವೀಸಾ ಏನು?”

ಹೌದು ಎಂದೆ.

ಇಂಟರ್‌ಲಾಕೆನ್ನಿನಲ್ಲೂ ಒಬ್ಬ ಭಾರತೀಯನ ಪುತ್ಥಳಿ ಇದೆ: ಹಿಂದಿ ಸಿನಿಮಾದ ಯಶ್ ಚೋಪ್ರಾ, 2016. ಅದು ಸೊಸೆಯ ಯಾದಿ. ವೀಸಾ ಒಂದೇ.

14
‘ವೈನ್ ಕಂಟ್ರಿ’ ಎಂಬುದನ್ನು ಮನೆಯಲ್ಲಿ ಮೂರು ಬಗೆಯಲ್ಲಿ ಹೇಳುತ್ತಾರೆ. ಮಗ: ವೈನ್ ಕಂಟ್ರಿ. ಸೊಸೆ, ಆಯಿಯ ಮುಂದೆ: ದ್ರಾಕ್ಷಿ ತೋಟ. ದೇವದುರ್ಗದ ಮಾವ, ಫೋನಿನಲ್ಲಿ: ಸೇಂದಿ ಊರು.

ಕುಡಿಯುವವರು ಮನೆಯಲ್ಲಿ ಯಾರೂ ಇಲ್ಲ. ಪಿಯೆಮೊಂತೆಗೆ 2 ರಾತ್ರಿ ಯಾಕೆ ಎಂದು ನಾನು ಕೇಳಲಿಲ್ಲ. ಫೋಟೊ ಚೆನ್ನಾಗಿ ಬರುತ್ತವಂತೆ.

ಆಯಿ ಒಣದ್ರಾಕ್ಷಿ ತರೋಣ ಎನ್ನುತ್ತಾರೆ. ವಿಜಯಪುರದಲ್ಲೇ ಸಿಗುತ್ತದೆ ಎಂದರೂ ಕೇಳುವುದಿಲ್ಲ.

15
2007. ಕರ್ನಾಟಕದಲ್ಲಿ ಜುಲೈ 1ರಿಂದ ಸಾರಾಯಿ ಬಂದ್.
2007. ಕರ್ನಾಟಕದ ವೈನ್ ನೀತಿ.
2007. ಜಿನೀವಾ ಸರೋವರದ ದಂಡೆಯ ಲಾವೋ ದ್ರಾಕ್ಷಿ ಮೆಟ್ಟಿಲುಗಳು ಯುನೆಸ್ಕೋ ಪಟ್ಟಿಗೆ.

ಸರ್ಕಾರದ ಕಾಗದಗಳಲ್ಲಿ ವೈನಿಗೆ ದ್ರಾಕ್ಷಾರಸ ಎಂಬ ಹೆಸರು. ಆಯಿಗೆ ಈ ಹೆಸರು ಒಪ್ಪಿಗೆಯಾಯಿತು. ಕಬ್ಬಿನ ಹಾಲಿನ ಜಾತಿಯದು ಎಂದುಕೊಂಡಿದ್ದಾರೆ. ಯಾರೂ ತಿದ್ದಿಲ್ಲ.

16
ಲಾವೋದವರು ತಮಗೆ ಮೂರು ಸೂರ್ಯ ಎನ್ನುತ್ತಾರೆ. ಒಂದು ಆಕಾಶದ್ದು, ಒಂದು ಸರೋವರದ ನೀರಿನಿಂದ ಮರಳುವುದು, ಒಂದು ಕಲ್ಲಿನ ಗೋಡೆ ಹಗಲು ಹೀರಿ ರಾತ್ರಿ ಬಿಡುವುದು. ಹಣ್ಣು ಮಾಗುವುದು ಇದರಿಂದ.

ನಿನ್ನೆ ರಾತ್ರಿ 11ಕ್ಕೆ ಹಾಸಿಗೆ ಹೊತ್ತು ಮಾಳಿಗೆಗೆ ಹೋದೆ. ಬಂಡೆ ಇನ್ನೂ ಬಿಸಿ. 43 ಡಿಗ್ರಿ ಇತ್ತಂತೆ ಹಗಲು.

17
ಬೆಲ್ಲಿಂಜೋನಾ ಎಂಬ ಸ್ವಿಸ್ ಊರಲ್ಲಿ 3 ಕೋಟೆ. ಕೋಮೊಗೆ ಹೋಗುವ ದಾರಿಯಲ್ಲಿ ಅರ್ಧ ದಿನ ಅದಕ್ಕೆ.

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಯ ಒಂದೇ ಕಲ್ಲಿದೆ. 1294ರ ಶಾಸನ, ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ್ದು. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವೂ ಅಲ್ಲೇ ಕೊರೆದಿದೆ. ಮನೆಯಿಂದ ನಡೆದು ಹೋಗುವಷ್ಟು ದೂರ. ಮೊಮ್ಮಗ ನೋಡಿಲ್ಲ. ಮಗನೂ. ನಾನು ಎರಡು ಸಲ ಹೋಗಿ ಚಿತ್ರ ಕಾಣದೆ ಮರಳಿದೆ. ಮೂರನೆಯ ಸಲ ಕಂಡಿತು.

18
ಆ ಕಡೆಯಿಂದ ಇಲ್ಲಿಗೆ ಬಂದವರು: 1520. ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೇದು ಎಂಬ ಪೋರ್ಚುಗೀಸ ಕೋವಿಯವರೊಂದಿಗೆ ಬಂದ. ಗೋಡೆಯ ಮೇಲೆ ತಲೆ ಎತ್ತಿದವರಿಗೆ ಗುಂಡು ಹೊಡೆದರು. ಅದನ್ನು ಬರೆದಿಟ್ಟವನು ನೂನಿಜ್, ಅವನೂ ಪೋರ್ಚುಗೀಸ. ಯುದ್ಧ ನಡೆದದ್ದು ಮೇ ತಿಂಗಳಲ್ಲಿ ಎಂದು ಇತಿಹಾಸಕಾರ ಸೂಯೆಲ್ ಲೆಕ್ಕ ಹಾಕಿದ.

ಮೇ ತಿಂಗಳಲ್ಲಿ ರಾಯಚೂರಿಗೆ.

19
ಕೋಣೆಗಳನ್ನು ಕಾಯ್ದಿರಿಸಲಾಗಿದೆ. ರದ್ದು ಮಾಡಬಹುದಾದ ಕೋಣೆಗಳು. ವೀಸಾ ಬಂದ ಮೇಲೆ ಇವನ್ನು ರದ್ದು ಮಾಡಿ ಅಗ್ಗದ ಕೋಣೆ ಹಿಡಿಯುತ್ತಾರೆ. ಅಧಿಕಾರಿಗೆ ತೋರಿಸಿದ ಹೋಟೆಲಿನಲ್ಲಿ ಯಾರೂ ಮಲಗುವುದಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ ಎಂದ ಟ್ರಾವೆಲ್ಸಿನವನು. ಗಂಜಿನಲ್ಲಿ ಎರಡು ವಹಿ ಇಟ್ಟವರನ್ನು ಕಂಡಿದ್ದೇನೆ.

20
ಆಹಾರ. ಕಟಕ ರೊಟ್ಟಿ 120. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ತುಪ್ಪ ಇಲ್ಲ: ಹಾಲಿನ ಪದಾರ್ಥವನ್ನು ಪೆಟ್ಟಿಗೆಯಲ್ಲಿ ಯುರೋಪಿನ ಒಳಗೆ ಒಯ್ಯುವಂತಿಲ್ಲ. ಸ್ವಿಟ್ಜರ್ಲೆಂಡಿಗೆ ಹಾಲಿನದು ಒಯ್ಯಬಾರದು ಎಂಬುದು ಆಯಿಗೆ ಸರಿ ಕಂಡಿತು. ಅವರಲ್ಲೇ ಬೇಕಾದಷ್ಟು ದನ ಇವೆ, ಪೇಪರಿನ ಚಿತ್ರದಲ್ಲಿ ನೋಡಿದ್ದಾರೆ.

21
ಮೊಮ್ಮಗಳು ಒಂದು ಸಂಗತಿ ಹುಡುಕಿ ತಂದಳು. ಯುರೋಪಿನಲ್ಲಿ ಎಲ್ಲರಿಗಿಂತ ಹೆಚ್ಚು ಭತ್ತ ಬೆಳೆಯುವುದು ಇಟಲಿ. ಮಿಲಾನ್–ತೂರಿನ್ ನಡುವೆ ನೊವಾರಾ, ವೆರ್ಚೆಲ್ಲಿ. ಮೇ ತಿಂಗಳಲ್ಲಿ ಗದ್ದೆಗಳ ತುಂಬ ನೀರು. ನೀರು ತರುವುದು ಕಾವೂರ್ ಕಾಲುವೆ, 1863ರಲ್ಲಿ ಸುರು ಮಾಡಿ 1866ಕ್ಕೆ ಮುಗಿಸಿದರು. ಸುಮಾರು 85 ಕಿ.ಮೀ.

ಮುತ್ಯಾ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮೊದಲ ಸಲ.

ಯಾವ ತಳಿ? ಆರ್ಬೋರಿಯೊ, ಕಾರ್ನರೋಲಿ. ಕಾಳು ಹೇಗೆ? ದಪ್ಪ. ಸೋನಾ ಮಸೂರಿ ಹಾಗಲ್ಲವೇ? ಅಲ್ಲ. ಎಕರೆಗೆ ಎಷ್ಟು ಚೀಲ? ಅದನ್ನು ಅವಳು ಬರೆದುಕೊಂಡಿರಲಿಲ್ಲ. ಕೊನೆ ಭಾಗಕ್ಕೆ ನೀರು ಮುಟ್ಟುತ್ತದೋ? ಅದೂ.

22
ಹಿಂದೆ ಆ ಗದ್ದೆಗಳ ಕಸ ತೆಗೆಯಲು ಬೇರೆ ಸೀಮೆಗಳಿಂದ ಹೆಂಗಸರು ರೈಲಿನಲ್ಲಿ ಬರುತ್ತಿದ್ದರು. ಮೊಂದೀನೆ ಎಂದು ಹೆಸರು. ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕೆಲಸ. ಕೂಲಿಯ ಜೊತೆ ದಿನಕ್ಕೆ ಒಂದು ಕೆ.ಜಿ. ಅಕ್ಕಿ. ಅವರ ಮೇಲೆ 1949ರಲ್ಲಿ ‘ರೀಸೊ ಅಮಾರೊ’ ಎಂಬ ಸಿನಿಮಾ ಬಂತು. ಕಹಿ ಅಕ್ಕಿ ಎಂದು ಅರ್ಥ.

ಆಯಿ: “ಹಾಡ್ತಿದ್ರೇನು?”

ಹಾಡುತ್ತಿದ್ದರು. ಆಯಿ ಮತ್ತೇನೂ ಕೇಳಲಿಲ್ಲ.

23
ಯಾದಿ ತಿದ್ದಿದ್ದಾರೆ. ದ್ರಾಕ್ಷಿ ಸೀಮೆ 1 ರಾತ್ರಿ. ವೆರ್ಚೆಲ್ಲಿ 1. ಟ್ರಾವೆಲ್ಸಿನವನು ಮೂವತ್ತು ಸಲ ಯುರೋಪ್ ಟೂರ್ ಹೊಂದಿಸಿದ್ದಾನಂತೆ, ವೆರ್ಚೆಲ್ಲಿ ಯಾರೂ ಕೇಳಿಲ್ಲ. ಕಾಗುಣಿತ ನನ್ನನ್ನು ಕೇಳಿ ಬರೆದುಕೊಂಡ.

24
ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕು. ಆ ವಾರ ಎಲ್ಲರೂ ದೇವದುರ್ಗಕ್ಕೆ ಮದುವೆಗೆ ಹೋಗಿದ್ದರು. ಅಲ್ಲಿಂದಲೇ ರಾತ್ರಿ ಬಸ್ಸು. ಫೈಲು ಹಿಡಿಯಲು ನಾನೂ ಹೋದೆ.

ಆಯಿ ಸ್ಲೀಪರ್ ಬೇಡ ಎಂದರು. ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ರೊಕ್ಕ ಇಲ್ಲ. 90 ಯುರೋ ವೀಸಾ ಫೀ ಕಟ್ಟುವವರು ಆಧಾರ್ ಕಾರ್ಡ್ ಹಿಡಿದು ಶೂನ್ಯ ಟಿಕೆಟ್ ಪಡೆದರು. ಶಕ್ತಿ ಯೋಜನೆ ಸುರುವಾದದ್ದು 2023ರ ಜೂನ್ 11. ವೀಸಾ ಫೀ 80ರಿಂದ 90 ಯುರೋ ಆದದ್ದು 2024ರ ಜೂನ್ 11.

25
ಬಸ್ಸಿನಲ್ಲಿ ಅರ್ಧ ಜನ ಗುಳೆ ಹೊರಟವರು. ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಕೊಡ, ಹಾಸಿಗೆ ಸುರುಳಿ. ಹಂಚು ಸೀರೆಯ ಚೂರಿನಲ್ಲಿ ಸುತ್ತಿತ್ತು, ಮಸಿ ತಾಗದಂತೆ. ಹೆಬ್ಬಾಳ, ಯಲಹಂಕ, ಎಲ್ಲೋ ಕಟ್ಟುತ್ತಿರುವ ಕಟ್ಟಡ. ಕಂಡಕ್ಟರ್ ಎಲ್ಲಿ ಇಳಿಯುತ್ತೀರಿ ಎಂದಷ್ಟೇ ಕೇಳಿದ. ಯಾವಾಗ ತಿರುಗಿ ಬರುತ್ತೀರಿ ಎಂದು ಕೇಳಲಿಲ್ಲ.

ಆಯಿಯ ಪಕ್ಕದ ಹೆಂಗಸು ಕೇಳಿದಳು: “ನೀವು ಎಲ್ಲಿ ಕೆಲಸಕ್ಕ?”

“ಇಟಲಿ.”

ಆಕೆಗೆ ಅದು ಬೆಂಗಳೂರಿನ ಯಾವ ಕಡೆಯದೋ ತಿಳಿಯಲಿಲ್ಲ.

26
ಬೆರಳಚ್ಚು. ಎಡಗೈ ನಾಲ್ಕು, ಬಲಗೈ ನಾಲ್ಕು, ಎರಡು ಹೆಬ್ಬೆರಳು. ಮೊಮ್ಮಗನಿಗೆ ಬೇಡ, 12 ತುಂಬಿಲ್ಲ. ಆಯಿಯ ಬೆರಳು ಯಂತ್ರಕ್ಕೆ ಕಾಣಲಿಲ್ಲ. ಹತ್ತಿ ಬಿಡಿಸಿ, ಕಸ ಕಿತ್ತು ಗೆರೆ ಸವೆದಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರು. ಒಣ ಬಟ್ಟೆಯಲ್ಲಿ ಒರೆಸಿದರು. ರೇಷನ್ ಅಂಗಡಿಯ ಯಂತ್ರಕ್ಕೂ ಹೀಗೇ ಆಗುತ್ತದೆ. ಆಯಿಗೆ ಉಪಾಯ ಗೊತ್ತು: ಬೆರಳನ್ನು ತಲೆಗೂದಲಲ್ಲಿ ಒಮ್ಮೆ ತಿಕ್ಕಿ ಎಣ್ಣೆ ಹಚ್ಚಿಕೊಂಡು ಒತ್ತಿದರು. ಬಂತು.

ಆ ಅಚ್ಚು 59 ತಿಂಗಳು ನಡೆಯುತ್ತದೆ.

27
ಮುತ್ಯಾನ ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ವಿಮಾನ ನಿಲ್ದಾಣದಲ್ಲಿ ತೆಗೆಯಬೇಕಾಗುತ್ತದೋ? ಮೂವರನ್ನು ಕೇಳಿದೆ. ಮೂರು ಉತ್ತರ.

28
ಒಂದು ಗೊಂದಲ ನನ್ನದೇ. ಲೇಕ್ ಎಂಬುದಕ್ಕೆ ಕನ್ನಡದಲ್ಲಿ ಎಲ್ಲ ಕಡೆ ಸರೋವರ ಎಂದು ಬರೆದಿದ್ದೇನೆ. ರಾಯಚೂರಿನ ನೀರಿಗೆ ಮಾವಿನಕೆರೆ ಎಂದೇ ಹೆಸರು. ಯಾವ ಅಳತೆಗೆ ಕೆರೆ ಮುಗಿದು ಸರೋವರ ಸುರುವಾಗುತ್ತದೆ? ಮುತ್ಯಾ ಗಾರ್ಡಾವನ್ನು ಕೆರೆ ಎನ್ನುತ್ತಾರೆ.

29
ಪಾಸ್‌ಪೋರ್ಟುಗಳು ಕೊರಿಯರಿನಲ್ಲಿ ಬಂದವು. ಆರೂ. ಹೈದರಾಬಾದಿನಿಂದ ವಿಮಾನ. ಮೇ 10ಕ್ಕೆ ಹೋಗುವುದು, 24ಕ್ಕೆ ಬರುವುದು.

ಗೋಡೆಯ ಶಾಬಾದಿಮಠರ ಕ್ಯಾಲೆಂಡರಿನಲ್ಲಿ ಮೇ 25ರ ಹತ್ತಿರ ರೋಹಿಣಿ ಮಳೆ. ಮುತ್ಯಾ ಪೆನ್ನು ಕೇಳಿದರು. 24ರ ಮನೆಯಲ್ಲಿ ‘ಬರೋದು’ ಎಂದು ಬರೆದರು. ಅದರ ಕೆಳಗೆ ಸಣ್ಣದಾಗಿ, ‘ಬೀಜ’.

10ರ ಮನೆ ಖಾಲಿ ಇದೆ.