ಒಂದೇ ಗುಳಿಗೆ, ಎರಡು ಮನೆ

ಕಾನಹೊಸಹಳ್ಳಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. 2021ರ ಮೇ ತಿಂಗಳಲ್ಲಿ ಪಕ್ಕದ ಮನೆಯ ಹಿರಿಯರು ಆಸ್ಪತ್ರೆಯಲ್ಲಿ ವಾರವಿಡೀ ಆಕ್ಸಿಜನ್ ಮೇಲಿದ್ದು ಗುಣವಾಗಿ ಬಂದರು. ಅವರು ಬಂದ ದಿನವೇ ನಮ್ಮ ದೊಡ್ಡಣ್ಣನಿಗೆ ಜ್ವರ.

"ಇದೇ ಗುಳಿಗಿ ನೋಡ್ರಿ, ನಮ್ಮಪ್ಪನ್ನ ಉಳಿಸಿದ್ದು" ಎಂದು ಅವರ ಮಗ ಗೋಡೆಯ ಮೇಲಿಂದ ಚೀಟಿ ಚಾಚಿದ. ಅದರಲ್ಲಿ ಡೆಕ್ಸಾಮೆಥಾಸೋನ್ ಎಂದಿತ್ತು. ಅಣ್ಣನ ಉಸಿರಾಟ ಆಗಿನ್ನೂ ಸರಾಗವಾಗಿತ್ತು. ಸಕ್ಕರೆ ಕಾಯಿಲೆ ಮಾತ್ರ ಹಳೆಯದು. ನಾವು ಯಾವ ವೈದ್ಯರನ್ನೂ ಕೇಳಲಿಲ್ಲ. ಎರಡನೆಯ ದಿನವೇ ಗುಳಿಗೆ ತಂದೆವು, ನುಂಗಿಸಿದೆವು. ಮರುದಿನ ಜ್ವರ ಇಳಿದಾಗ ಪಕ್ಕದ ಮನೆಯವರಿಗಾಗಿ ದುಆ ಮಾಡಿದೆವು.

ಆರನೆಯ ದಿನ ಉಸಿರು ಕಟ್ಟತೊಡಗಿತು. ಸಕ್ಕರೆ 400 ದಾಟಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಈ ಗುಳಿಗೆ ಯಾರು ಬರೆದುಕೊಟ್ಟರು?" ನಾವು ನೆಲ ನೋಡಿದೆವು. ಹನ್ನೊಂದನೆಯ ದಿನ ಅಣ್ಣ ತೀರಿಕೊಂಡರು.

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಓದಿದೆವು, ತಿಳಿದವರನ್ನು ಕೇಳಿದೆವು. ಡೆಕ್ಸಾಮೆಥಾಸೋನ್ 1950ರ ದಶಕದ ಔಷಧಿ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ಬೆಲೆ ಕೆಲವೇ ರೂಪಾಯಿ. ಕೊರೋನಾದಲ್ಲಿ ಮೊದಲ ಕೆಲವು ದಿನ ವೈರಾಣು ಬೆಳೆಯುತ್ತದೆ. ಆಮೇಲೆ ಕೆಲವರಲ್ಲಿ ದೇಹದ ರಕ್ಷಣಾ ಪಡೆಯೇ ಹದ ತಪ್ಪಿ ಸ್ವಂತ ಶ್ವಾಸಕೋಶವನ್ನು ಹಾಳುಮಾಡತೊಡಗುತ್ತದೆ. ಆಗ ಅದಕ್ಕೆ ಕಡಿವಾಣ ಬೇಕು. ಅದಕ್ಕೂ ಮೊದಲೇ ಕಡಿವಾಣ ಹಾಕಿದರೆ, ಕಾವಲುಗಾರನ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. 2020ರ ಆರಂಭದಲ್ಲಿ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಇಂಥ ಔಷಧಿಯನ್ನು ಎಲ್ಲರಿಗೂ ಕೊಡಬೇಡಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು.

ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ 'ರಿಕವರಿ' ತಂಡ ಇದನ್ನು ಪರೀಕ್ಷೆಗೆ ಒಡ್ಡಿತು. ಯಾರಿಗೆ ಔಷಧಿ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸಿತು. ಇದನ್ನು ಓದಿದಾಗ ನಮಗೆ ಸಿಟ್ಟೇ ಬಂದಿತ್ತು. ಸಾವಿನ ಅಂಚಿನಲ್ಲಿರುವವರ ಮೇಲೆ ಚೀಟಿಯಾಟವೇ?

ಆದರೆ ಉತ್ತರ ನೋಡಿ. 2,104 ಜನರಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಔಷಧಿ ಕೊಟ್ಟರು. 4,321 ಜನರಿಗೆ ಎಂದಿನ ಚಿಕಿತ್ಸೆ. 28 ದಿನಗಳ ಲೆಕ್ಕದಲ್ಲಿ, ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ. ಆಕ್ಸಿಜನ್ ಬೇಡವಾಗಿದ್ದವರಲ್ಲಿ ಲಾಭವೇ ಕಾಣಲಿಲ್ಲ. ಔಷಧಿ ಇಲ್ಲದವರಲ್ಲಿ ನೂರಕ್ಕೆ 14 ಜನ ಸತ್ತರೆ, ಔಷಧಿ ಪಡೆದವರಲ್ಲಿ ಸುಮಾರು 18. ಹಾನಿಯ ಶಂಕೆ ಉಳಿಯಿತು. ಪಕ್ಕದ ಮನೆಯವರಿಗೆ ಮದ್ದಾದದ್ದು ನಮ್ಮ ಅಣ್ಣನಿಗೆ ಅಲ್ಲ ಎಂಬುದು ಈ ಅಂಕಿಗಳಲ್ಲೇ ಇತ್ತು.

ಪರೀಕ್ಷೆ ದೊಡ್ಡದಿರಬೇಕೇಕೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆಂದು ಬಯೋಕಾನ್ ಮಾರುಕಟ್ಟೆಗೆ ತಂದಿದ್ದ ಐಟೊಲಿಜುಮ್ಯಾಬ್ ಕೂಡ ಉರಿಯೂತಕ್ಕೆ ಕಡಿವಾಣ ಹಾಕುವ ಔಷಧಿ. 2020ರಲ್ಲಿ ಬಾಟಲಿಯೊಂದಕ್ಕೆ ಸುಮಾರು 8,000 ರೂಪಾಯಿ ಇತ್ತು. 30 ಕೊರೋನಾ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. ಔಷಧಿ ಪಡೆದ 20 ಜನರೂ ಉಳಿದರು, ಪಡೆಯದ 10 ಜನರಲ್ಲಿ ಮೂವರು ತೀರಿಕೊಂಡರು. 2020ರ ಜುಲೈನಲ್ಲಿ ತುರ್ತು ಬಳಕೆಗೆ ಅನುಮತಿ ಸಿಕ್ಕಿತು. ಇಷ್ಟು ಚಿಕ್ಕ ಗುಂಪಿನಲ್ಲಿ ಒಬ್ಬಿಬ್ಬರ ಗತಿ ಬದಲಾದರೂ ಲೆಕ್ಕ ತಲೆಕೆಳಗಾಗುತ್ತದಲ್ಲವೇ ಎಂದು ಹಲವು ತಜ್ಞರು ಆಗಲೇ ಪ್ರಶ್ನಿಸಿದ್ದರು.

ಹಾಗಾದರೆ ಅಣ್ಣ ಹೋದದ್ದು ಆ ಗುಳಿಗೆಯಿಂದಲೇ? ಹೇಳಲಾಗದು. ಹಿರಿಯರು ಉಳಿದದ್ದು ಅದರಿಂದಲೇ? ಅದನ್ನೂ ಹೇಳಲಾಗದು. ಒಂದು ಮನೆಯ ಸಾವು, ಒಂದು ಮನೆಯ ಬದುಕು ಸಾಕ್ಷ್ಯವಾಗುವುದಿಲ್ಲ. ಚೀಟಿ ಎತ್ತಿದವರ ಮೇಲಿನ ನಮ್ಮ ಸಿಟ್ಟು ಅಲ್ಲಿಗೆ ಇಳಿಯಿತು. ಅವರು ಗೊತ್ತಿಲ್ಲ ಎಂದು ಒಪ್ಪಿಕೊಂಡು, ಒಬ್ಬೊಬ್ಬರ ಲೆಕ್ಕವಿಟ್ಟು ಪರೀಕ್ಷಿಸಿದರು. ನಾವು ಗೊತ್ತಿದೆ ಎಂದುಕೊಂಡು ಮನೆಯವರ ಮೇಲೆಯೇ ಪ್ರಯೋಗ ಮಾಡಿದೆವು. ಲೆಕ್ಕವನ್ನೂ ಇಡಲಿಲ್ಲ.

ಆ ಪರೀಕ್ಷೆಯ ಫಲಿತಾಂಶ 2020ರ ಜೂನ್ 16ರಂದೇ ಪ್ರಕಟವಾಗಿತ್ತು. ಹನ್ನೊಂದು ತಿಂಗಳಲ್ಲಿ ಗುಳಿಗೆಯ ಹೆಸರು ನಮ್ಮ ಗೋಡೆ ದಾಟಿ ಬಂತು. ಯಾರಿಗೆ, ಯಾವಾಗ ಎಂಬ ಮಾತು ಮಾತ್ರ ಆಚೆಯೇ ಉಳಿಯಿತು. ಈಗ ಯಾರೇ ಚೀಟಿ ಚಾಚಿದರೂ ನಾವು ಮೊದಲು ಕೇಳುವುದು ಅದನ್ನೇ.