ಇವತ್ತಿನ ಪಾಲಿನ ಮನ್ನ

ಡಿಸೆಂಬರ್ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿರೋ ನಮ್ಮಂಥ ಕ್ರೈಸ್ತ ಹುಡುಗರಿಗೆ ಊರು ನೆನಪಾಗುತ್ತೆ. ರಾತ್ರಿ ಗಿಟಾರ್ ಹಿಡ್ಕೊಂಡು ಮನೆ ಮನೆಗೆ ಕ್ಯಾರಲ್ಸ್‌ಗೆ ಹೋಗ್ತಿದ್ದದ್ದು, ಪ್ರತಿ ಮನೆಯಲ್ಲೂ ಕೇಕ್, ಟೀ. ಇಲ್ಲಿ ಆಗ ಇಂಟರ್ನಲ್ಸ್, ರೆಕಾರ್ಡ್ ಸಬ್ಮಿಷನ್. ಅಲ್ಲಿ ದೇವರು ಹತ್ತಿರ ಇದ್ದ, ಇಲ್ಲಿ ದೂರ ಆಗಿಬಿಟ್ಟ ಅನ್ನಿಸುತ್ತೆ.

ಹಳೇ ದಿನಗಳ ಈ ಹಂಬಲ ಬೈಬಲ್‌ಗೂ ಚೆನ್ನಾಗಿ ಗೊತ್ತು. ಅರಣ್ಯಕಾಂಡದ 11ನೇ ಅಧ್ಯಾಯದಲ್ಲಿ, ಮರುಭೂಮಿಯಲ್ಲಿ ನಡೆದು ಬೇಸತ್ತ ಇಸ್ರಾಯೇಲ್ಯರು ಐಗುಪ್ತದ ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅಳ್ತಾರೆ. ಮೀನಂತೂ ಅಲ್ಲಿ ಬಿಟ್ಟಿ ಸಿಗ್ತಿತ್ತಂತೆ! ಅದೇ ಐಗುಪ್ತದಲ್ಲಿ ಅವರು ಇಟ್ಟಿಗೆ ಮಾಡೋ ಗುಲಾಮರಾಗಿದ್ರು. ಅವರಿಗೆ ಹುಟ್ಟೋ ಗಂಡು ಮಕ್ಕಳನ್ನ ನದಿಗೆ ಎಸೀಬೇಕು ಅಂತ ಫರೋಹ ಆಜ್ಞೆ ಮಾಡಿದ್ದ. ಬೆಳ್ಳುಳ್ಳಿ ರುಚಿ ನೆನಪಿದೆ, ಏಟು ಮರೆತುಹೋಗಿದೆ. ಊರಿನ ನಮ್ಮ ನೆನಪೂ ಹಾಗೇ ಅಲ್ವಾ? ಬೈಸಿಕೊಂಡು ಎದ್ದು ಸಂಡೇ ಸ್ಕೂಲ್‌ಗೆ ಓಡ್ತಿದ್ದದ್ದು ಅದರಲ್ಲಿ ಬರೋದೇ ಇಲ್ಲ.

ಇನ್ನೊಂದು ಕಡೆ ಮುಂದಿನ ದಿನಗಳ ನಿರೀಕ್ಷೆ. ನಮ್ಮವರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಯೆರೆಮೀಯ 29:11 ಆಗಾಗ ಕಾಣುತ್ತೆ. ದೇವರ ಯೋಚನೆ ನಮ್ಮ ಒಳ್ಳೇದಕ್ಕೇ, ನಮಗೊಂದು ಭವಿಷ್ಯ ಇದೆ ಅನ್ನೋ ವಚನ. ಅದನ್ನ ಪ್ಲೇಸ್‌ಮೆಂಟ್ ಅಂತ ಓದ್ಕೊಳ್ಳೋದು ಬಹಳ ಸುಲಭ. ಆದ್ರೆ ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ 70 ವರ್ಷದ ಲೆಕ್ಕ ಇದೆ. ಆ ಪತ್ರ ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ಊರು ನೋಡೋ ಹಾಗಿರಲಿಲ್ಲ. ಹಾಗಾದ್ರೆ ಅಲ್ಲೀವರೆಗೆ ಏನು ಮಾಡ್ಬೇಕು? ಇರೋ ಜಾಗದಲ್ಲೇ ಮನೆ ಕಟ್ಟಿ, ತೋಟ ಹಾಕಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಪತ್ರ ಹೇಳುತ್ತೆ.

ನಮ್ಮಲ್ಲೊಬ್ಬನ ಅಪ್ಪನಿಗೆ ಹೋದ ವರ್ಷದಿಂದ ಡಯಾಲಿಸಿಸ್. ವಾಸಿಯಾಗಲಿ ಅಂತ ನಾವೆಲ್ಲ ಪ್ರಾರ್ಥನೆ ಮಾಡಿದ್ವಿ. ವಾಸಿಯಾಗಿಲ್ಲ. 'ನಂಬಿಕೆ ಇಡು, ಎಲ್ಲ ಸರಿಹೋಗುತ್ತೆ' ಅಂತ ಅವನಿಗೆ ಹೇಳೋಕೆ ನಮಗೆ ಈಗ ಬಾಯಿ ಬರಲ್ಲ.

ಅವನು ಹಿಡ್ಕೊಂಡಿರೋದು ಮನ್ನದ ಕತೆಯನ್ನ. ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರ ಅದು. ವಿಮೋಚನಕಾಂಡ 16ರಲ್ಲಿರೋ ಹಾಗೆ, ದಿನಾ ಬೆಳಿಗ್ಗೆ ಅವತ್ತಿಗೆ ಬೇಕಾದಷ್ಟೇ ಆರಿಸ್ಕೋಬೇಕು. ನಾಳೆಗಿರಲಿ ಅಂತ ಎತ್ತಿಟ್ಟರೆ ಹುಳ ಬಿದ್ದು ನಾರ್ತಿತ್ತು. ಸಬ್ಬತ್ ದಿನಕ್ಕೆ ಮಾತ್ರ ಹಿಂದಿನ ದಿನವೇ ಎರಡು ಪಾಲು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ನಾವು ಕೇಳೋದು ಆ ದಿನದ ಆಹಾರವನ್ನೇ.

ಡಯಾಲಿಸಿಸ್ ಇರೋ ದಿನ ಈಗ ಅವನ ಪ್ರಾರ್ಥನೆ ಒಂದೇ ಸಾಲು: ಇವತ್ತಿನದು ಸರಿಯಾಗಿ ಮುಗೀಲಿ. ನಾವು ಆಮೆನ್ ಅಂತೀವಿ, ಆಮೇಲೆ ಲ್ಯಾಬ್‌ಗೆ ಹೋಗ್ತೀವಿ. ಇದು ಸಣ್ಣ ನಂಬಿಕೆ ಅಂತ ಯಾರಾದ್ರೂ ಅನ್ನಬಹುದು. ಆದ್ರೆ ದಿನದ ಪಾಲಿನ ಆ ಮನ್ನದಲ್ಲೇ ಇಸ್ರಾಯೇಲ್ಯರು 40 ವರ್ಷ ಬದುಕಿದ್ರು.