ಕಟ್ಟೆ ಬದಲಾಯಿತು, ಕಾಯುವುದು ತಪ್ಪಲಿಲ್ಲ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿ ದಾಟಿ ಪಶ್ಚಿಮಕ್ಕೆ ಹೊರಟರೆ ಮೊದಲು ಸುಂಕದಕಟ್ಟೆ, ಅದರ ಮಗ್ಗುಲಿಗೇ ಹೇರೋಹಳ್ಳಿ. ಒಂದು ಹೆಸರಿನಲ್ಲಿ ಸುಂಕವಿದೆ, ಇನ್ನೊಂದರಲ್ಲಿ ಹೇರು ಇದೆ. ಊರಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಏನೇ ಇರಲಿ, ಗೋದಾಮುಗಳಿರುವ ಇಲ್ಲಿನ ಅಡ್ಡರಸ್ತೆಗಳನ್ನು ಹೊಕ್ಕವರಿಗೆ ಈ ಎರಡು ಹೆಸರುಗಳೂ ಅಕ್ಕಪಕ್ಕದಲ್ಲಿ ಕೂತದ್ದು ಸರಿಯಾಗಿಯೇ ಇದೆ ಎನಿಸಿದರೆ ಆಶ್ಚರ್ಯವಿಲ್ಲ.

ಕೆರೆಯ ಆಸರೆಯಲ್ಲಿದ್ದ ಹಳ್ಳಿ ಇದು. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಅದರ ನೆರಳು ಹೆಗ್ಗನಹಳ್ಳಿ, ಅಂದ್ರಹಳ್ಳಿ, ಸುಂಕದಕಟ್ಟೆಗಳ ಮೇಲೂ ಚಾಚಿತು. ಲೇತ್, ಪ್ರೆಸ್ ಶಾಪ್, ಗಾರ್ಮೆಂಟ್ಸ್, ಪ್ಲಾಸ್ಟಿಕ್ ಮೋಲ್ಡಿಂಗ್ ಬಂದವು. ಅವುಗಳ ಹಿಂದೆಯೇ ಶೀಟು ಹೊದಿಸಿದ ಗೋದಾಮುಗಳು ಎದ್ದವು. ಪೂರ್ವದಲ್ಲಿ ಸುಮನಹಳ್ಳಿಯ ಹೊರವರ್ತುಲ ರಸ್ತೆ, ಪಶ್ಚಿಮದಲ್ಲಿ ನೈಸ್ ರಸ್ತೆ. ಎರಡೂ ಕಡೆಯಿಂದ ಲಾರಿ ಬರುವುದು ಸುಲಭ. ಬಂದ ಲಾರಿ ಒಳಗೆ ಹೋಗಿ ಹಿಂದೆ ತಿರುಗುವುದು ಮಾತ್ರ ಸುಲಭವಲ್ಲ.

ಮನೆಯ ಸೈಟಿಗೆಂದು ಬಿಟ್ಟ ರಸ್ತೆಯಲ್ಲಿ ಲಾರಿ ರಿವರ್ಸ್ ತೆಗೆಯಬೇಕು. ಒಂದು ಬದಿಗೆ ವಿದ್ಯುತ್ ಕಂಬ, ಇನ್ನೊಂದು ಬದಿಗೆ ಯಾರದೋ ಮನೆಯ ಮೆಟ್ಟಿಲು. ‘ಬರ್ಲಿ... ಬರ್ಲಿ... ಲೆಫ್ಟ್ ಒಡ್ಸಣ್ಣ... ಹೋಲ್ಡಾನ್!’ ಎಂದು ಕ್ಲೀನರ್ ಬಾಡಿಗೆ ಎರಡು ಸಲ ಬಡಿದರೆ ಅರ್ಧ ಕೆಲಸ ಮುಗಿದಂತೆ. ಅಷ್ಟರಲ್ಲಿ ಹಿಂದೆ ಶಾಲೆಯ ವ್ಯಾನು, ನೀರಿನ ಟ್ಯಾಂಕರು, ಆಟೊಗಳು ಹಾರನ್ನು ಒತ್ತುತ್ತಿರುತ್ತವೆ.

ಮುಂದಿನ ತಕರಾರು ಎತ್ತರದ್ದು. ಗೋದಾಮಿನ ಕಟ್ಟೆಯನ್ನು ಸಾಮಾನ್ಯವಾಗಿ ನಾಲ್ಕು ಅಡಿಗೆ ಕಟ್ಟುತ್ತಾರೆ, ಅದು ದೊಡ್ಡ ಲಾರಿಯ ಅಳತೆ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಪುಟ್ಟ ಗಾಡಿಗಳ ತಳ ಅದಕ್ಕಿಂತ ಬಹಳ ಕೆಳಗೆ. ದೊಡ್ಡ ಲಾರಿಯೂ ಒಂದೇ ಮಟ್ಟದಲ್ಲಿ ನಿಲ್ಲದು. ತುಂಬಿದಾಗ ಪಟ್ಟಾ ಕುಸಿದಿರುತ್ತದೆ, ಖಾಲಿಯಾಗುತ್ತ ಬಂದಂತೆ ಮೇಲೇಳುತ್ತದೆ. ಈ ಏರುಪೇರನ್ನು ಸರಿದೂಗಿಸುವ ಯಂತ್ರದ ಹಲಗೆ ದೊಡ್ಡ ಕಂಪನಿಗಳ ಡಾಕ್‌ಗಳಲ್ಲಿದೆ. ಸಣ್ಣ ಗೋದಾಮುಗಳಲ್ಲಿ ಒಂದು ಕಬ್ಬಿಣದ ತಗಡು. ಅದೂ ಇಲ್ಲದ ಕಡೆ ಹಮಾಲಿಯ ಬೆನ್ನು.

ಆ ಬೆನ್ನಿನ ಮೇಲೆ ಏರುವ ಸಿಮೆಂಟ್ ಚೀಲ 50 ಕಿಲೊ. ಒಬ್ಬ ಗಂಡಾಳು ಹೊರುವ ಭಾರ 55 ಕಿಲೊ ಮೀರಿದರೆ ಅದನ್ನು ಬೇಗ ತಗ್ಗಿಸಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತ್ತು. ದಿನಕ್ಕೆ ಎಷ್ಟು ಸಲ ಹೊರಬೇಕು ಎಂಬ ಲೆಕ್ಕ ಆ ಅಂಕಿಯಲ್ಲಿ ಇಲ್ಲ. ಹಮಾಲಿಗೆ ಸಿಗುವುದು ಚೀಲದ ಲೆಕ್ಕ, ಇಲ್ಲವೇ ಟನ್ನಿನ ಲೆಕ್ಕ. ಗಾಡಿ ಬಾರದ ಹೊತ್ತಿಗೆ ಲೆಕ್ಕವೇ ಇಲ್ಲ.

ಇವರೆಲ್ಲರ ನಡುವೆ ಎರಡು ಫೋನು ಹಿಡಿದು ನಿಂತವರು ಗೋದಾಮಿನ ಮ್ಯಾನೇಜರು. ಬೆಳಗ್ಗೆ ಬರಬೇಕಾದ ನಾಲ್ಕು ಗಾಡಿ ಮಧ್ಯಾಹ್ನ ಒಟ್ಟಿಗೇ ಬರುತ್ತವೆ. ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ನಗರದೊಳಗೆ ನಿರ್ಬಂಧವಿರುವುದರಿಂದ ನಾಲ್ವರಿಗೂ ಸಂಜೆಯೊಳಗೆ ಹೊರಬೀಳುವ ಆತುರ. ಒಬ್ಬರ ಬಿಲ್ಲಿನಲ್ಲಿ 200 ಪೆಟ್ಟಿಗೆ, ಎಣಿಸಿದರೆ 198. ಇನ್ನೊಂದು ಗಾಡಿ ದಾರಿಯಲ್ಲಿ ಕೆಟ್ಟು, ಬೇರೆ ಲಾರಿಗೆ ಮಾಲು ಬದಲಾಯಿಸಿ ಬಂದಿದೆ. ಇ-ವೇ ಬಿಲ್ಲಿನಲ್ಲಿ ಹಳೆಯ ನಂಬರೇ ಇದೆ. ‘ಸಾರ್, ನಮ್ದು ಯಾವಾಗ ಖಾಲಿ ಮಾಡಿಸ್ತೀರಾ?’ ಎಂದು ಡ್ರೈವರ್ ಮೂರನೇ ಸಲ ಕೇಳುತ್ತಾನೆ. ‘ನಿಂದೇ ಕಣಪ್ಪ ನೆಕ್ಸ್ಟು’ ಎಂಬ ಉತ್ತರವೂ ಮೂರನೆಯದೇ. ತಿಂಗಳ ಕೊನೆಯ ವಾರವಂತೂ ಕೇಳುವುದೇ ಬೇಡ. ಮಾರಾಟದ ಗುರಿ ಮುಟ್ಟಿಸಲು ತಿಂಗಳ ಮಾಲೆಲ್ಲ ಆಗಲೇ ಹೊರಡಬೇಕು!

ಹೀಗೆ ಕಾದ ಹೊತ್ತು ಯಾರ ಖಾತೆಗೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇದಕ್ಕೊಂದು ವಿಚಿತ್ರ ಉತ್ತರವಿತ್ತು. ನಿಲ್ದಾಣದಲ್ಲಿ ಸುಮ್ಮನೆ ಕಾದ ಅವಧಿ 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದು ದುಡಿಮೆ. ಹೆಚ್ಚಾದರೆ ಆ ಲೆಕ್ಕಕ್ಕೆ ಸೇರದು. 2025ರ ನವೆಂಬರಿನಲ್ಲಿ ಆ ಕಾಯ್ದೆ ಹೊಸ ಕಾರ್ಮಿಕ ಸಂಹಿತೆಯಲ್ಲಿ ಲೀನವಾಯಿತು. ಲಾರಿ ಮಾಲೀಕರು ‘ಹಾಲ್ಟಿಂಗ್’ ಎಂದು ಕೇಳುವುದುಂಟು. ಆ ಹಣ ಚೌಕಾಸಿಯಲ್ಲಿ ಕರಗಿ, ಟೈರಿನ ನೆರಳಿನಲ್ಲಿ ಟವೆಲ್ ಹಾಸಿ ಮಲಗಿದವನ ಕೈಗೆ ತಲಪುವ ಖಾತರಿಯಿಲ್ಲ.

ಕಾಯುವುದು ಈ ದಾರಿಗೆ ಹೊಸದೇನಲ್ಲ. ಹಿಂದೆ ಊರಿಗೆ ಬರುವ ಸರಕಿಗೆ ಆಕ್ಟ್ರಾಯ್ ತೆತ್ತು ಒಳಗೆ ಬರಬೇಕಿತ್ತು. ರಾಜ್ಯದಲ್ಲಿ ಅದು 1979ರಲ್ಲಿ ಹೋಗಿ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದೂ ಹೋಯಿತು, ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳೂ ಹೋದವು. ಲಾರಿ ರಸ್ತೆಯಲ್ಲಿ ಉಳಿಸಿದ ಹೊತ್ತನ್ನು ಈಗ ಗೋದಾಮಿನ ಬಾಗಿಲಲ್ಲಿ ಕಳೆಯುತ್ತಿದೆ. ಸುಂಕದ ಕಟ್ಟೆಯಲ್ಲಿ ಕೊಟ್ಟದ್ದಕ್ಕೆ ರಸೀದಿಯಾದರೂ ಸಿಗುತ್ತಿತ್ತು.

ಜಗತ್ತಿನ ಸರಕು ಸಾಗಣೆಯನ್ನೇ ಬದಲಿಸಿದ ಒಂದು ಉಪಾಯ ಇಂಥ ಕಾಯುವಿಕೆಯಲ್ಲೇ ಹುಟ್ಟಿತೆನ್ನುತ್ತಾರೆ. ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್, ಹತ್ತಿಯ ಬೇಲು ಇಳಿಸಲು ಬಂದರಿನಲ್ಲಿ ದಿನವಿಡೀ ಕಾದು ಬೇಸತ್ತಾಗ ಕಂಟೇನರಿನ ಯೋಚನೆ ಹೊಳೆಯಿತೆಂದು ಹೇಳಿಕೊಂಡಿದ್ದ. 1956ರ ಏಪ್ರಿಲ್‌ನಲ್ಲಿ ಅವನ ಹಡಗು 58 ಕಂಟೇನರುಗಳೊಂದಿಗೆ ಹೊರಟಿತು. ಆದರೆ ಕಂಟೇನರು ತಿರುಗಲು ಬಯಲು ಬೇಕು. ಆ ಬಯಲನ್ನು ಹುಡುಕಿಕೊಂಡು ದೊಡ್ಡ ಗೋದಾಮುಗಳು ನೆಲಮಂಗಲ, ದಾಬಸ್‌ಪೇಟೆಗಳತ್ತ ನಡೆದಿವೆ. ಊರೊಳಗಿನ ಅಂಗಡಿಗೆ, ವರ್ಕ್‌ಶಾಪಿಗೆ ದಿನವೂ ಮಾಲು ಮುಟ್ಟಿಸುವ ಹೇರೋಹಳ್ಳಿಯಂಥವು ಅಷ್ಟು ದೂರ ಹೋಗಲಾರವು.

ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಸಾಗುವ 12.15 ಕಿ.ಮೀ. ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ಹೇರೋಹಳ್ಳಿಯಲ್ಲೂ ಒಂದು ನಿಲ್ದಾಣ ಬರಲಿದೆ. ಜನರಿಗೆ ಅದು ಒಳ್ಳೆಯದೇ. ಕಂಬ ಏಳುವಷ್ಟು ಕಾಲ ರಸ್ತೆ ಇನ್ನಷ್ಟು ಕಿರಿದಾಗುತ್ತದೆ, ಸರಕಂತೂ ಮೆಟ್ರೊ ಹತ್ತುವುದಿಲ್ಲ. ಗಾಡಿಗೊಂದು ಹೊತ್ತು ಗೊತ್ತುಮಾಡುವುದು, ಲಾರಿಗಳು ಸರದಿ ಕಾಯಲು ಊರಂಚಿನಲ್ಲಿ ಒಂದಿಷ್ಟು ಜಾಗ, ಅಲ್ಲೊಂದು ಶೌಚಾಲಯ, ಕುಡಿಯುವ ನೀರು — ಇವು ದುಬಾರಿ ಯಂತ್ರಗಳೇನಲ್ಲ. ಕಾದವನ ಹೊತ್ತಿಗೂ ಬೆಲೆಯಿದೆ ಎಂದು ಯಾರಾದರೂ ಮೊದಲು ಬಿಲ್ಲಿನಲ್ಲಿ ಬರೆಯಬೇಕು, ಅಷ್ಟೆ.